ಎಪಾಕ್ಸಿಗೆ ಕಾರ್ಬನ್ ನ್ಯಾನೊಟ್ಯೂಬ್ ಬೆರೆಸಿದೆ, ಗಟ್ಟಿಯಾಗುವ ಬದಲು ಬೇಗ ಮುರಿಯಿತು. ಯಾಕೆ?

ಪೀಣ್ಯ ಶೆಡ್

ಎಲ್ಲರಿಗೂ ನಮಸ್ಕಾರ. ನಾನು ಮತ್ತು ನನ್ನ ಭಾವ ಪೀಣ್ಯ ಎರಡನೇ ಹಂತದಲ್ಲಿ ಒಂದು ಸಣ್ಣ ಶೆಡ್ ನಡೆಸುತ್ತಿದ್ದೇವೆ. ಗ್ಲಾಸ್ ಫೈಬರ್ ಮತ್ತು ಎಪಾಕ್ಸಿಯಲ್ಲಿ ಡ್ರೋನ್ ತೋಳು, ಜಿಗ್, ಟ್ರೇ ಮಾಡಿಕೊಡುತ್ತೇವೆ. ಡ್ರೋನ್ ತೋಳು ಇನ್ನೂ ಹಗುರ ಬೇಕು, ಮುರಿಯಲೂ ಬಾರದು ಎಂದು ಗಿರಾಕಿ ಕೇಳಿದರು. ಕಾರ್ಬನ್ ನ್ಯಾನೊಟ್ಯೂಬ್ ಉಕ್ಕಿಗಿಂತ ನೂರು ಪಟ್ಟು ಬಲ, ಚಿಟಿಕೆ ಹಾಕಿದರೆ ಸಾಕು ಎಂದು ಎಲ್ಲ ಕಡೆ ಓದಿದ್ದೆ. 50 ಗ್ರಾಂ ಪುಡಿ ತರಿಸಿದೆವು. ಕಪ್ಪು, ಹತ್ತಿಯಷ್ಟು ಹಗುರ. ಐವತ್ತು ಗ್ರಾಂಗೆ ಒಂದು ದೊಡ್ಡ ಡಬ್ಬಿ ತುಂಬಿತ್ತು.

ಎಪಾಕ್ಸಿ ರೆಸಿನ್‌ಗೆ (ಹಾರ್ಡ್‌ನರ್ ಸೇರಿದರೆ ಗಟ್ಟಿಯಾಗುವ ಅಂಟು ದ್ರವ) ತೂಕದಲ್ಲಿ ಶೇ. 0.5 ಒಂದು ಸಲ, ಶೇ. 1 ಇನ್ನೊಂದು ಸಲ ಹಾಕಿದೆ. ಡ್ರಿಲ್‌ಗೆ ಕಡ್ಡಿ ಸಿಕ್ಕಿಸಿ ಇಪ್ಪತ್ತು ನಿಮಿಷ ಕಲಸಿದೆ. ಹಾರ್ಡ್‌ನರ್ ಹಾಕಿ, ಅಚ್ಚಿಗೆ ಹುಯ್ದು, ಓವನ್‌ನಲ್ಲಿ 80 ಡಿಗ್ರಿಯಲ್ಲಿ ಇಟ್ಟೆ. ಗ್ಲಾಸ್ ಫೈಬರ್ ಹಾಕದೆ ಬರೀ ರೆಸಿನ್ ಪಟ್ಟಿಗಳನ್ನು ಎಳೆದು ನೋಡಿಸಿದೆ. ಏನೂ ಬೆರೆಸದ ಪಟ್ಟಿ 65 ಮೆಗಾಪಾಸ್ಕಲ್‌ವರೆಗೆ ತಡೆಯಿತು. ಶೇ. 0.5 ಹಾಕಿದ್ದು 52ಕ್ಕೆ ಹೋಯಿತು. ಶೇ. 1 ಹಾಕಿದ್ದು 44.

ಪುಡಿ ಕಳಪೆಯೋ, ನಾನು ಮಾಡಿದ್ದು ತಪ್ಪೋ ಗೊತ್ತಾಗುತ್ತಿಲ್ಲ. ಭಾವ ಇದನ್ನು ಬಿಟ್ಟುಬಿಡೋಣ ಅನ್ನುತ್ತಿದ್ದಾರೆ. ನನಗೆ ಬಿಡುವ ಮನಸ್ಸಿಲ್ಲ. ಬಲ್ಲವರು ದಯವಿಟ್ಟು ಹೇಳಿ.

ಹಳೇ ವಿಮಾನ

ತಮ್ಮಾ, ಮುರಿದ ಪಟ್ಟಿ ಎಸೆದಿಲ್ಲ ತಾನೇ? ಮುರಿದ ಮುಖವನ್ನು ಒಂದು ಭೂತಗನ್ನಡಿಯಲ್ಲಿ ನೋಡು. ಕಪ್ಪು ಚುಕ್ಕಿ ಕಾಣುತ್ತದಾ? ಚುಕ್ಕಿಯ ಸುತ್ತ ಕನ್ನಡಿಯಂತೆ ನುಣ್ಣಗಿನ ಜಾಗ ಇದೆಯಾ? ನೋಡಿ ಹೇಳು, ಆಮೇಲೆ ಮಾತಾಡೋಣ.

ಪೀಣ್ಯ ಶೆಡ್

ನೋಡಿದೆ ಸರ್. ಇದೆ. ಶೇ. 1ರ ಪಟ್ಟಿಯಲ್ಲಿ ಬರಿಗಣ್ಣಿಗೇ ಕಾಣುತ್ತದೆ, ಸಾಸಿವೆಗಿಂತ ಚಿಕ್ಕದು. ಅದರ ಸುತ್ತ ನುಣ್ಣಗೆ ಹೊಳೆಯುತ್ತಿದೆ. ಅಲ್ಲಿಂದ ಗೆರೆಗಳು ಬೀಸಣಿಗೆಯ ಹಾಗೆ ಹರಡಿವೆ. ಒಂದೆರಡು ಗಾಳಿಗುಳ್ಳೆಯೂ ಇವೆ.

ಹಳೇ ವಿಮಾನ

ಹಾಗಾದರೆ ಅಲ್ಲೇ ಉತ್ತರ ಇದೆ. ಬಿರುಕು ಹುಟ್ಟಿದ್ದು ಆ ಚುಕ್ಕಿಯಲ್ಲಿ. ಎಪಾಕ್ಸಿ ಬಿರುಸಾದ ವಸ್ತು. ಅದರೊಳಗಿನ ಅತಿ ದೊಡ್ಡ ದೋಷ ಯಾವುದೋ ಅದೇ ಅದರ ಬಲವನ್ನು ನಿರ್ಧರಿಸುತ್ತದೆ. ನೀನು ಬಲ ಬೆರೆಸಿದೆ ಅಂದುಕೊಂಡೆ, ಆದರೆ ಬೆರೆಸಿದ್ದು ದೋಷವನ್ನು. ಪುಡಿ ಕಳಪೆ ಅಂತ ಈಗಲೇ ಹೇಳಬೇಡ.

ನಾನು ಮೂವತ್ತು ವರ್ಷ ವಿಮಾನದ ಕಾರ್ಬನ್ ಫೈಬರ್ ಭಾಗಗಳ ಜೊತೆ ಕಳೆದವನು. ಮುರಿದ ಮುಖ ಸುಳ್ಳು ಹೇಳುವುದಿಲ್ಲ. ಪರೀಕ್ಷೆಯ ಅಂಕಿ ನೋಡುವ ಮೊದಲು ಅದನ್ನು ನೋಡುವ ಅಭ್ಯಾಸ ಮಾಡಿಕೋ.

ಬಿಇ ಮೂರನೇ ವರ್ಷ

ಸರ್, ನನಗೂ ಇದು ಬೇಕಿತ್ತು. ಸೆಮಿನಾರ್‌ಗೆ ಇದೇ ವಿಷಯ ತಗೊಂಡಿದ್ದೇನೆ. ಪುಸ್ತಕದಲ್ಲಿ ಸೂತ್ರ ಮಾತ್ರ ಇದೆ. ಟ್ಯೂಬ್ ಅಷ್ಟೊಂದು ಬಲ ಇದ್ದರೂ ಆ ಬಲ ಪ್ಲಾಸ್ಟಿಕ್‌ಗೆ ಯಾಕೆ ಬರುವುದಿಲ್ಲ? ಯಾರಾದರೂ ಬಿಡಿಸಿ ಹೇಳ್ತೀರಾ?

ಜಕ್ಕೂರು ದಂಡೆ

ನಾನು ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ. ನನ್ನ ಪಿಎಚ್‌ಡಿಯ ನಾಲ್ಕು ವರ್ಷ ಇದರಲ್ಲೇ ಹೋಗಿದೆ. ಅದರಲ್ಲಿ ಒಂದೂವರೆ ವರ್ಷ ಪೀಣ್ಯದ ಅಣ್ಣನಿಗೆ ಬಂದ ಕಷ್ಟವೇ ನನಗೂ ಬಂದಿತ್ತು.

ಮೊದಲು ಟ್ಯೂಬ್ ಅಂದರೆ ಏನು ಅಂತ ನೋಡೋಣ. ಇಂಗಾಲದ ಪರಮಾಣುಗಳು ಜೇನುಗೂಡಿನ ಹಾಗೆ ಆರು ಮೂಲೆಯ ಮನೆ ಕಟ್ಟಿಕೊಂಡು ಒಂದು ಹಾಳೆ ಆಗುತ್ತವೆ. ಆ ಹಾಳೆಯನ್ನು ಚಾಪೆ ಸುತ್ತಿದ ಹಾಗೆ ಸುತ್ತಿ, ಅಂಚಿಗೆ ಅಂಚು ಸೇರಿಸಿದರೆ ಒಂದು ಕೊಳವೆ. ಒಂದೇ ಪದರ ಇದ್ದರೆ ಅಗಲ ಒಂದೆರಡು ನ್ಯಾನೊಮೀಟರ್. ಒಂದರೊಳಗೊಂದು ಹಲವು ಕೊಳವೆ ಇದ್ದರೆ ಅದು ಬಹುಪದರದ್ದು. ನಮಗೆ ಅಗ್ಗಕ್ಕೆ ಸಿಗುವುದು ಅದೇ, ಅಗಲ ಸಾಮಾನ್ಯವಾಗಿ 10 ನ್ಯಾನೊಮೀಟರ್ ಆಸುಪಾಸು. ಅಂಥ ಎಂಟು ಸಾವಿರ ಕೊಳವೆ ಪಕ್ಕ ಪಕ್ಕ ಇಟ್ಟರೆ ಒಂದು ತಲೆಗೂದಲಿನ ಅಗಲ ಆಗುತ್ತದೆ. ಉದ್ದ ಮಾತ್ರ ಅಗಲದ ಸಾವಿರ ಪಟ್ಟು ಇರಬಹುದು. ಬಾವಿ ಹಗ್ಗ ಒಂದು ಸೆಂಟಿಮೀಟರ್ ದಪ್ಪ, ಹತ್ತು ಮೀಟರ್ ಉದ್ದ ಇರುತ್ತದಲ್ವಾ, ಅದೇ ಲೆಕ್ಕ.

ಬಲದ ಮಾತು ಸುಳ್ಳಲ್ಲ. ದೋಷವಿಲ್ಲದ ಟ್ಯೂಬಿನ ಬಿಗುವು, ಅಂದರೆ ಎಳೆದರೆ ಸುಲಭಕ್ಕೆ ಹಿಗ್ಗದ ಗುಣ, ಸುಮಾರು 1000 ಗಿಗಾಪಾಸ್ಕಲ್ (ಒಂದು ಗಿಗಾಪಾಸ್ಕಲ್ ಅಂದರೆ ಸಾವಿರ ಮೆಗಾಪಾಸ್ಕಲ್). ಉಕ್ಕಿನದು 200, ಎಪಾಕ್ಸಿಯದು 3. ಇನ್ನು ಮುರಿಯುವ ಬಲ: 2000ನೇ ಇಸವಿಯಲ್ಲಿ ಒಂದೊಂದೇ ಟ್ಯೂಬ್ ಹಿಡಿದು ಸೂಕ್ಷ್ಮದರ್ಶಕದ ಕೆಳಗೆ ಎಳೆದು ನೋಡಿದರು. ಹೊರ ಪದರ 11ರಿಂದ 63 ಗಿಗಾಪಾಸ್ಕಲ್‌ವರೆಗೆ ತಡೆಯಿತು. ಮನೆ ಕಟ್ಟಲು ತರುವ ಎಫ್‌ಇ 500 ಕಂಬಿ 0.5 ಗಿಗಾಪಾಸ್ಕಲ್‌ಗೇ ಸೋತು ಹಿಗ್ಗಲು ಶುರು ಮಾಡುತ್ತದೆ. ನೂರು ಪಟ್ಟು ಅನ್ನುವ ಮಾತು ಬಂದದ್ದು ಹೀಗೆ.

ಆದರೆ ಅದೇ ಪ್ರಯೋಗದಲ್ಲಿ ಇನ್ನೊಂದು ಕಂಡಿತು. ಹೊರ ಪದರ ಹರಿದ ಮೇಲೆ ಒಳಗಿನ ಪದರಗಳು ಒರೆಯಿಂದ ಕತ್ತಿ ಜಾರಿದ ಹಾಗೆ ಸುಮ್ನೆ ಜಾರಿ ಬಂದವು. ಪದರ ಪದರದ ನಡುವೆ ಗಟ್ಟಿ ಬೆಸುಗೆ ಇಲ್ಲ. ಭಾರ ಹೊರುವುದು ಹೆಚ್ಚಾಗಿ ಹೊರ ಪದರ. ಒಳಗಿನವು ಜೊತೆಗಿರುತ್ತವೆ, ಕೈ ಕೊಡುವುದಿಲ್ಲ. ಬಹುಪದರದ ಟ್ಯೂಬ್ ತಂದಾಗ ನಾವು ಕೊಟ್ಟ ದುಡ್ಡಿನಲ್ಲಿ ದೊಡ್ಡ ಪಾಲು ಇಂಥ ಒಳ ಪದರಗಳಿಗೆ ಹೋಗಿರುತ್ತದೆ.

ಇನ್ನು ಗಂಟಿನ ವಿಷಯ. ರಾಗಿ ಮುದ್ದೆ ಮಾಡಿದವರಿಗೆ ಇದು ಬೇಗ ಅರ್ಥ ಆಗುತ್ತದೆ. ಕುದಿಯುವ ನೀರಿಗೆ ಹಿಟ್ಟು ಸುರಿದು ಹಾಗೇ ಕಲಸಿದರೆ ಗಂಟಾಗುತ್ತದೆ. ಹೊರಗೆ ಬೆಂದಿರುತ್ತದೆ, ಗಂಟು ಒಡೆದರೆ ಒಳಗೆ ಒಣ ಹಿಟ್ಟು. ನ್ಯಾನೊಟ್ಯೂಬ್ ಗಂಟೂ ಹಾಗೇ. ಹೊರಗೆ ರೆಸಿನ್ ಮೆತ್ತಿಕೊಂಡಿರುತ್ತದೆ, ಒಳಗೆ ರೆಸಿನ್ ಮುಟ್ಟದ ಒಣ ಟ್ಯೂಬ್‌ಗಳ ಸಿಕ್ಕು. ಎಳೆದಾಗ ಅದು ಒಂದು ತೂತಿನ ಹಾಗೆಯೇ ಇರುತ್ತದೆ.

ಗಂಟು ಯಾಕೆ ಇಷ್ಟು ಹಟಮಾರಿ? ಮೇಲ್ಮೈ ಕಾರಣ. ಒಂದು ಗ್ರಾಂ ಬಹುಪದರ ಟ್ಯೂಬ್‌ನ ಮೇಲ್ಮೈ 200 ಚದರ ಮೀಟರ್‌ಗೂ ಜಾಸ್ತಿ ಇರುತ್ತದೆ. ನಮ್ಮ 30-40 ಸೈಟ್ ಇದೆಯಲ್ಲ, ಅದು 111 ಚದರ ಮೀಟರ್. ಅಂದರೆ ಒಂದು ಗ್ರಾಂ ಪುಡಿಯಲ್ಲಿ ಎರಡು ಸೈಟ್. ಒಂದು ಕೆಜಿ ರೆಸಿನ್‌ಗೆ ಶೇ. 0.5 ಅಂದರೆ 5 ಗ್ರಾಂ, ಹತ್ತು ಸೈಟ್. ಆ ಒಂದು ಕೆಜಿ ರೆಸಿನ್ ಹತ್ತೂ ಸೈಟ್‌ಗೆ ಒಂದಿಂಚೂ ಬಿಡದೆ ಹಚ್ಚಿಕೊಳ್ಳಬೇಕು. ಅಷ್ಟೂ ಮೇಲ್ಮೈ ಒಂದನ್ನೊಂದು ಸೆಳೆಯುತ್ತಿರುತ್ತದೆ. ಒಂದೊಂದು ಜಾಗದಲ್ಲಿ ಸೆಳೆತ ಸಣ್ಣದೇ, ಆದರೆ ಉದ್ದಕ್ಕೂ ಸೇರಿ ದೊಡ್ಡದಾಗುತ್ತದೆ. ಅದರ ಮೇಲೆ ಎಳೆಗಳು ಶಾವಿಗೆಯ ಹಾಗೆ ಹೆಣೆದುಕೊಂಡಿರುತ್ತವೆ. ಡ್ರಿಲ್‌ಗೆ ಸಿಕ್ಕಿಸಿದ ಕಡ್ಡಿ ಗಂಟುಗಳನ್ನು ಸುತ್ತಿಸುತ್ತದೆ, ಬಿಡಿಸುವುದಿಲ್ಲ.

ಬಿಡಿಸಿದ ಮೇಲೂ ಕೆಲಸ ಮುಗಿಯಲಿಲ್ಲ. ಹಿಡಿತ ಬೇಕು. ತೆಂಗಿನ ನಾರಿನ ಹಗ್ಗ ನೆನಪಿಸಿಕೊಳ್ಳಿ. ಒಂದೊಂದು ನಾರು ಗೇಣುದ್ದ, ಹಗ್ಗ ಮಾತ್ರ ಮಾರುಗಟ್ಟಲೆ. ನಾರುಗಳು ಒಂದನ್ನೊಂದು ಉಜ್ಜಿ ಹಿಡಿಯುವುದರಿಂದ ಭಾರ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ. ನಾರಿಗೆ ಎಣ್ಣೆ ಬಳಿದು ಹೊಸೆದರೆ ಹಗ್ಗ ಜಾರುತ್ತದೆ. ಟ್ಯೂಬಿನ ಮೈ ಹುಟ್ಟಿನಿಂದಲೇ ಹಾಗೆ ಜಾರು. ಪೆನ್ಸಿಲ್ ಸೀಸದ ಗ್ರಾಫೈಟ್ ಜಾರುವ ಹಾಗೆ. ರೆಸಿನ್‌ಗೂ ಅದಕ್ಕೂ ರಾಸಾಯನಿಕ ನಂಟು ಇಲ್ಲ. ಎಳೆದಾಗ ರೆಸಿನ್ ಹಿಗ್ಗುತ್ತದೆ, ಟ್ಯೂಬ್ ಜಾರಿಕೊಂಡು ಇದ್ದಲ್ಲೇ ಇರುತ್ತದೆ. ಅದರ 63 ಗಿಗಾಪಾಸ್ಕಲ್ ಅದರ ಹತ್ತಿರವೇ ಉಳಿಯುತ್ತದೆ.

ಅದಕ್ಕೇ ಟ್ಯೂಬಿನ ಮೈಮೇಲೆ ಕೊಕ್ಕೆ ಹುಟ್ಟಿಸುತ್ತಾರೆ. ಗಂಧಕಾಮ್ಲ ಮತ್ತು ನೈಟ್ರಿಕ್ ಆಮ್ಲವನ್ನು ಮೂರಕ್ಕೆ ಒಂದರಂತೆ ಸೇರಿಸಿ ಅದರಲ್ಲಿ ಕಾಯಿಸಿದರೆ ಕಾರ್ಬಾಕ್ಸಿಲ್ ಗುಂಪು ಎಂಬ ಕೊಕ್ಕೆ ಕೂರುತ್ತದೆ. ಅದರಿಂದ ಮುಂದೆ ಅಮೀನ್ ಗುಂಪು ಕೂರಿಸಿದರೆ ಅದು ಎಪಾಕ್ಸಿಯ ಜೊತೆ ನೇರವಾಗಿ ಬೆಸೆದುಕೊಳ್ಳುತ್ತದೆ. ಆದರೆ ಒಂದೊಂದು ಕೊಕ್ಕೆಗೂ ಜೇನುಗೂಡಿನ ಒಂದು ಮನೆ ಒಡೆಯಬೇಕು. ಆಮ್ಲ ಜಾಸ್ತಿ ಆದರೆ ಟ್ಯೂಬ್ ತುಂಡು ತುಂಡಾಗುತ್ತದೆ. ಹಿಡಿತ ಬೇಕು ಅಂತ ಬಲವನ್ನೇ ತಿಂದುಹಾಕುತ್ತೇವೆ. ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ಹುಡುಕುವುದರಲ್ಲೇ ನನ್ನ ಒಂದು ವರ್ಷ ಹೋಯಿತು. ಅಣ್ಣ, ಇದನ್ನು ಶೆಡ್‌ನಲ್ಲಿ ಮಾಡಲು ಹೋಗಬೇಡಿ. ಆ ಆಮ್ಲ, ಆ ಹೊಗೆ ಶೆಡ್‌ನಲ್ಲಿ ಇರಬಾರದು. ಮೊದಲೇ ಅಮೀನ್ ಕೂರಿಸಿದ ಟ್ಯೂಬ್ ಅಂಗಡಿಯಲ್ಲೇ ಸಿಗುತ್ತದೆ.

ಬಿಇ ಮೂರನೇ ವರ್ಷ

ಅಕ್ಕ, ತುಂಬಾ ಥ್ಯಾಂಕ್ಸ್. ಎಲ್ಲ ಸರಿಯಾಗಿ ಮಾಡಿದರೆ ಎಷ್ಟು ಬಲ ಸಿಗಬೇಕು? ಲೆಕ್ಕ ಹಾಕಬಹುದಾ?

ಜಕ್ಕೂರು ದಂಡೆ

ಬಿಗುವಿಗೆ ಹಾಕಬಹುದು. ಗಾತ್ರದಲ್ಲಿ ಶೇ. 1 ಟ್ಯೂಬ್, ಎಲ್ಲವೂ ಒಂದೇ ದಿಕ್ಕಿಗೆ ನೆಟ್ಟಗೆ ಮಲಗಿವೆ, ಹಿಡಿತ ಪೂರ್ತಿ ಇದೆ ಅಂದುಕೋ. 1000ದಲ್ಲಿ ನೂರನೇ ಒಂದು ಭಾಗ 10. ಎಪಾಕ್ಸಿಯ 3 ಸೇರಿ 13 ಗಿಗಾಪಾಸ್ಕಲ್. ಕೇಳಲು ಎಷ್ಟು ಚೆನ್ನ ಅಲ್ವಾ? ಆದರೆ ಟ್ಯೂಬ್ ಎಲ್ಲ ದಿಕ್ಕಿಗೂ ಚೆಲ್ಲಿರುತ್ತವೆ. ಆಗ ಐದರಲ್ಲಿ ಒಂದು ಪಾಲು ಮಾತ್ರ ಲೆಕ್ಕಕ್ಕೆ ಬರುತ್ತದೆ. 13 ಇಳಿದು 5 ಆಯಿತು. ಟ್ಯೂಬ್ ನೆಟ್ಟಗೂ ಇರುವುದಿಲ್ಲ, ಅಂಕುಡೊಂಕು. ಎಳೆದಾಗ ಮೊದಲು ಡೊಂಕು ನೆಟ್ಟಗಾಗುತ್ತದೆ, ಭಾರ ಹೊರುವುದು ಆಮೇಲೆ. ಅಗ್ಗದ ಟ್ಯೂಬ್‌ನಲ್ಲಿ ದೋಷ ಜಾಸ್ತಿ, ಅದರ ಬಿಗುವು 1000ಕ್ಕಿಂತ ಎಷ್ಟೋ ಕಡಿಮೆ. ಎಲ್ಲ ಕಳೆದು ಉಳಿಯುವುದು ಸ್ವಲ್ಪವೇ. ಅಣ್ಣ ಹಾಕಿದ್ದು ತೂಕದಲ್ಲಿ ಶೇ. 0.5. ಟ್ಯೂಬ್ ರೆಸಿನ್‌ಗಿಂತ ಭಾರ, ಹಾಗಾಗಿ ಗಾತ್ರದಲ್ಲಿ ಅದು ಶೇ. 0.3ರಷ್ಟೇ ಆಗುತ್ತದೆ.

ಇನ್ನೂ ಜಾಸ್ತಿ ಹಾಕೋಣ ಅಂದರೆ ರೆಸಿನ್ ದೋಸೆ ಹಿಟ್ಟಿನಿಂದ ಇಡ್ಲಿ ಹಿಟ್ಟಾಗಿ, ಆಮೇಲೆ ಮುದ್ದೆ ಆಗಿಬಿಡುತ್ತದೆ. ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ. ಅಣ್ಣ ಕಂಡ ಗುಳ್ಳೆ ಅದೇ. ಕಾರ್ಬನ್ ಫೈಬರ್ ಅನ್ನು ಗಾತ್ರದಲ್ಲಿ ಶೇ. 60ರವರೆಗೆ ತುಂಬಬಹುದು. ಟ್ಯೂಬ್‌ಗೆ ಆ ಭಾಗ್ಯ ಇಲ್ಲ.

ಒಂದು ಮಾತು ಸೇರಿಸುತ್ತೇನೆ. 1994ರಲ್ಲಿ ವಿಜ್ಞಾನಿ ಅಜಯನ್ ಮತ್ತು ಜೊತೆಗಾರರು ಟ್ಯೂಬ್ ಬೆರೆಸಿದ ಎಪಾಕ್ಸಿಯನ್ನು ತುಂಬ ತೆಳುವಾಗಿ ಹೆರೆದಾಗ, ಚೂರಿ ಸರಿದ ದಿಕ್ಕಿಗೇ ಟ್ಯೂಬ್‌ಗಳು ಮಲಗಿದ್ದನ್ನು ಕಂಡರು. ಅಜಯನ್ ಕೇರಳದ ಕೊಡುಂಗಲ್ಲೂರಿನವರು. ಟ್ಯೂಬ್‌ಗಳನ್ನು ಒಂದು ದಿಕ್ಕಿಗೆ ಮಲಗಿಸಬಹುದು ಎಂದು ತೋರಿದ ಮೊದಲ ಕೆಲಸಗಳಲ್ಲಿ ಅದೂ ಒಂದು. ಅದನ್ನು ಓದಿಯೇ ನಾನು ಈ ದಾರಿಗೆ ಬಂದೆ.

ಮಲ್ಲೇಶ್ವರ 8ನೇ ಅಡ್ಡರಸ್ತೆ

ನಾನು ಇತಿಹಾಸ ಓದಿದವಳು, ಆದರೂ ಈ ಮಾತು ಕೇಳಿ ಒಂದು ವಿಷಯ ಹೇಳಲೇಬೇಕು ಅನಿಸಿತು. 2006ರಲ್ಲಿ ಜರ್ಮನಿಯ ಡ್ರೆಸ್ಡನ್‌ನ ವಿಜ್ಞಾನಿಗಳು 17ನೇ ಶತಮಾನದ ಒಂದು ಡಮಾಸ್ಕಸ್ ಕತ್ತಿಯ ಚೂರಿನಲ್ಲಿ ಕಾರ್ಬನ್ ನ್ಯಾನೊಟ್ಯೂಬ್ ಕಂಡೆವು ಎಂದು ಬರೆದರು. ಆ ಕತ್ತಿಗಳಿಗೆ ಉಕ್ಕಿನ ಗಟ್ಟಿ ಹೋಗುತ್ತಿದ್ದದ್ದು ನಮ್ಮ ದಕ್ಷಿಣ ಭಾರತದಿಂದ. ಯುರೋಪಿನವರು ಅದನ್ನು ವೂಟ್ಜ್ ಎಂದು ಕರೆದರು. ಆ ಹೆಸರು ನಮ್ಮ ಉಕ್ಕು ಎಂಬ ಮಾತಿನಿಂದಲೇ ಬಂದದ್ದು ಎಂದು ಬಹಳ ಜನ ವಿದ್ವಾಂಸರು ಹೇಳುತ್ತಾರೆ. ಒಲೆಯ ಮುಂದೆ ಕೂತ ಕಮ್ಮಾರನಿಗೆ ಟ್ಯೂಬ್ ಗೊತ್ತಿರಲಿಲ್ಲ, ಕೈಗೆ ಗೊತ್ತಿತ್ತು. ನನಗೆ ಇದು ಪ್ರತಿ ಸಲ ಮೈ ಜುಮ್ಮೆನಿಸುತ್ತದೆ.

ಜಕ್ಕೂರು ದಂಡೆ

ಹೌದು ಮೇಡಂ, ನಮ್ಮ ಲ್ಯಾಬ್‌ನಲ್ಲೂ ಆ ಲೇಖನದ ಬಗ್ಗೆ ಬಹಳ ಮಾತಾಗಿತ್ತು. ಟ್ಯೂಬ್ ಬೆಳೆಯಲು ಕಬ್ಬಿಣದ ಸಣ್ಣ ಕಣ ಮತ್ತು ಇಂಗಾಲ ಬೇಕು. ಈಗಲೂ ಕಬ್ಬಿಣ, ಕೋಬಾಲ್ಟ್ ಕಣಗಳ ಮೇಲೆ ಇಂಗಾಲದ ಅನಿಲ ಹಾಯಿಸಿಯೇ ಬೆಳೆಸುತ್ತೇವೆ. ಕಮ್ಮಾರನ ಮೂಸೆಯಲ್ಲಿ ಎರಡೂ ಇದ್ದವು. ಆದರೆ ಆ ಕತ್ತಿಯ ಬಲ ಟ್ಯೂಬ್‌ನಿಂದಲೇ ಬಂತು ಎಂದು ನಾನು ಹೇಳಲಾರೆ. ಅದರಲ್ಲಿ ಇನ್ನೂ ಬೇಕಾದಷ್ಟು ಸಂಗತಿ ಇವೆ.

ಹೊಸ ಕಾಲದಲ್ಲಿ ಎಲ್ಲರ ಕಣ್ಣು ಇದರ ಮೇಲೆ ಬಿದ್ದದ್ದು 1991ರಲ್ಲಿ, ಜಪಾನಿನ ಸುಮಿಯೊ ಇಜಿಮಾ ಬರೆದ ಮೇಲೆ. ಅದಕ್ಕೂ ಮೊದಲು 1952ರಲ್ಲೇ ರಷ್ಯಾದ ಇಬ್ಬರು ಇಂಥ ಕೊಳವೆಗಳ ಚಿತ್ರ ಅಚ್ಚು ಹಾಕಿಸಿದ್ದರು. ನಮ್ಮ ಊರಿನವರೇ ಆದ ಸಿ.ಎನ್.ಆರ್. ರಾವ್ ಅವರೂ ಟ್ಯೂಬ್ ಬೆಳೆಸುವ ಬಗ್ಗೆ ಬಹಳ ಕೆಲಸ ಮಾಡಿದ್ದಾರೆ.

ಬೊಮ್ಮಸಂದ್ರ ಮೋಲ್ಡಿಂಗ್

ನಾನು ಇಂಜೆಕ್ಷನ್ ಮೋಲ್ಡಿಂಗ್‌ನವನು. ಮೇಡಂ ಹೇಳಿದ್ದೆಲ್ಲ ಸರಿ, ಆದರೆ ಒಂದು ಮಾತಿಗೆ ನನ್ನ ತಕರಾರು ಇದೆ. ಟ್ಯೂಬ್ ಅಂದ ಕೂಡಲೇ ಎಲ್ಲರೂ ಬಲ ಬಲ ಅಂತಾರೆ. ಮಾರುಕಟ್ಟೆಯಲ್ಲಿ ಪ್ಲಾಸ್ಟಿಕ್‌ಗೆ ಟ್ಯೂಬ್ ಹಾಕಿ ಮೊದಲು ಗೆದ್ದದ್ದು ಬಲಕ್ಕಲ್ಲ, ಕರೆಂಟಿಗೆ. ಕಾರಿನ ಪೆಟ್ರೋಲ್ ಪೈಪ್‌ನಲ್ಲಿ ಸ್ಟ್ಯಾಟಿಕ್ (ಉಜ್ಜಾಟದಿಂದ ಮೈಮೇಲೆ ನಿಲ್ಲುವ ಕರೆಂಟ್) ಕೂಡಿ ಕಿಡಿ ಹಾರಬಾರದು ಎಂದು 1990ರ ದಶಕದಲ್ಲೇ ನೈಲಾನ್‌ಗೆ ಟ್ಯೂಬ್ ಬೆರೆಸಿದರು. ಅದಕ್ಕೆ ಮೊದಲು ಕಾರ್ಬನ್ ಬ್ಲ್ಯಾಕ್, ಅಂದರೆ ಮಸಿಯಂಥ ಇಂಗಾಲದ ಪುಡಿ ಹಾಕುತ್ತಿದ್ದರು. ಅದು ತುಂಬ ಜಾಸ್ತಿ ಬೇಕು, ಪ್ಲಾಸ್ಟಿಕ್ ಬಿರುಸಾಗುತ್ತಿತ್ತು. ಟ್ಯೂಬ್ ಕೆಲವೇ ಶೇಕಡಾ ಸಾಕಾಯಿತು. ಇವತ್ತು ಲಿಥಿಯಂ ಬ್ಯಾಟರಿ ಒಳಗೂ ಟ್ಯೂಬ್ ಹೋಗುವುದು ಕರೆಂಟ್ ಸಾಗಿಸುವುದಕ್ಕೇ.

ಪೀಣ್ಯದವರೇ, ನಿಮ್ಮ ಮುರಿದ ಪಟ್ಟಿಗೆ ಮಲ್ಟಿಮೀಟರ್ ಹಚ್ಚಿ ನೋಡಿ. ನೀವು ಸೋತೆ ಅಂದುಕೊಂಡ ತುಂಡು ಬೇರೆ ಕೆಲಸದಲ್ಲಿ ಗೆದ್ದಿರಬಹುದು.

ಪೀಣ್ಯ ಶೆಡ್

ಅಣ್ಣಾ, ಹಚ್ಚಿ ನೋಡಿದೆ! ಶೇ. 1ರದ್ದು 3 ಲಕ್ಷ ಓಮ್ ತೋರಿಸುತ್ತಿದೆ. ಬರೀ ಎಪಾಕ್ಸಿಯಲ್ಲಿ ಮೀಟರ್ ಏನೂ ತೋರಿಸುವುದಿಲ್ಲ. ಗಂಟು ಗಂಟಾಗಿ ಕಲಸಿದ್ದರೂ ಕರೆಂಟ್ ಹೇಗೆ ಹರಿಯಿತು?

ಬೊಮ್ಮಸಂದ್ರ ಮೋಲ್ಡಿಂಗ್

ಮನೆ ಕಟ್ಟುವ ಕಡೆ ಮೋಲ್ಡ್ ಹಾಕುವ ದಿನ ನೋಡಿದ್ದೀರಲ್ಲ? ಕೆಳಗಿನಿಂದ ಮೇಲಿನವರೆಗೆ ಜನ ಸಾಲಾಗಿ ನಿಂತು ಕಾಂಕ್ರೀಟ್ ಬಾಂಡ್ಲಿಯನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಸಾಲಿನಲ್ಲಿ ಒಬ್ಬ ಇಲ್ಲದಿದ್ದರೆ ಬಾಂಡ್ಲಿ ನಿಂತಿತು. ಸಾಲು ಪೂರ್ತಿ ಆದ ಕೂಡಲೇ ಸರಸರ ಹೋಗುತ್ತದೆ. ಟ್ಯೂಬ್‌ನಲ್ಲೂ ಹಾಗೇ. ಸ್ವಲ್ಪ ಸ್ವಲ್ಪ ಹಾಕುತ್ತಾ ಹೋದರೆ ಮೊದಲು ಏನೂ ಆಗುವುದಿಲ್ಲ. ಒಂದು ಅಳತೆಗೆ ಬಂದಾಗ ಈ ಬದಿಯಿಂದ ಆ ಬದಿಗೆ ಸಾಲು ಕೂಡುತ್ತದೆ. ಆಗ ವಾಹಕತೆ ಒಂದೇ ಏಟಿಗೆ ಲಕ್ಷ, ಕೋಟಿ ಪಟ್ಟು ಏರುತ್ತದೆ. ಟ್ಯೂಬ್ ಉದ್ದ ಇರುವುದರಿಂದ ಕೈ ದೂರಕ್ಕೆ ಚಾಚುತ್ತದೆ, ಹಾಗಾಗಿ ಸ್ವಲ್ಪವೇ ಸಾಕು. ಎಪಾಕ್ಸಿಯಲ್ಲಿ ಶೇ. 0.1ಕ್ಕೂ ಕಡಿಮೆಯಲ್ಲಿ ಆಗಿದೆ.

ಜಕ್ಕೂರು ದಂಡೆ

ಬಾಂಡ್ಲಿ ಉದಾಹರಣೆ ನಾನು ಇನ್ನು ಮೇಲೆ ಪಾಠದಲ್ಲಿ ಬಳಸುತ್ತೇನೆ. ಟ್ಯೂಬ್‌ಗಳು ಪೂರ್ತಿ ಮುಟ್ಟಲೇಬೇಕಿಲ್ಲ ಅನ್ನುವುದೊಂದು ಸೇರಿಸಿಕೊಳ್ಳಿ. ಒಂದೆರಡು ನ್ಯಾನೊಮೀಟರ್ ಸಂದು ಇದ್ದರೂ ಎಲೆಕ್ಟ್ರಾನ್ ದಾಟಿಬಿಡುತ್ತದೆ.

ತಕರಾರನ್ನೂ ಒಪ್ಪುತ್ತೇನೆ. ಇಲ್ಲಿ ಒಂದು ಸೂಕ್ಷ್ಮ ಇದೆ, ನನಗೂ ತಡವಾಗಿ ಹೊಳೆದದ್ದು. ಬಲಕ್ಕೆ ಪ್ರತಿ ಎಳೆಯೂ ಬೇರೆ ಬೇರೆ ಇರಬೇಕು, ಸುತ್ತ ರೆಸಿನ್ ಗಟ್ಟಿಯಾಗಿ ಹಿಡಿದಿರಬೇಕು. ಕರೆಂಟಿಗೆ ಎಳೆಗೆ ಎಳೆ ಹತ್ತಿರ ಇರಬೇಕು, ನಡುವೆ ರೆಸಿನ್ ಕಡಿಮೆ ಇದ್ದಷ್ಟೂ ಒಳ್ಳೆಯದು. ಅಂದರೆ ಬಲಕ್ಕೆ ಮಾಡುವ ಉಪಚಾರವೇ ಕರೆಂಟಿಗೆ ಅಡ್ಡ ಬರುತ್ತದೆ. ಆಮ್ಲದಲ್ಲಿ ಕೊಕ್ಕೆ ಹುಟ್ಟಿಸಿದ ಟ್ಯೂಬ್‌ಗೆ ಹಿಡಿತ ಚೆನ್ನ, ಆದರೆ ಜೇನುಗೂಡು ಒಡೆದಿರುವುದರಿಂದ ಕರೆಂಟ್ ಅದರಲ್ಲಿ ಕಷ್ಟಪಟ್ಟು ಹರಿಯುತ್ತದೆ. ಅದಕ್ಕೇ ಅಣ್ಣ, ಮೊದಲು ಟ್ಯೂಬ್‌ನಿಂದ ನಿಮಗೆ ಏನು ಬೇಕು ಅಂತ ತೀರ್ಮಾನ ಮಾಡಿ. ಒಂದೇ ಡಬ್ಬಿ ಪುಡಿಯಿಂದ ಎರಡೂ ಬೇಕು ಅಂದರೆ ಎರಡೂ ಅರ್ಧಂಬರ್ಧ ಆಗುತ್ತದೆ.

ಹಳೇ ವಿಮಾನ

ಡ್ರೋನ್ ತೋಳಿನ ಬಗ್ಗೆ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಬಲ ಬೇಕಾ, ಕಾರ್ಬನ್ ಫೈಬರ್ ಬಟ್ಟೆ ಹಾಕು. ತೇಜಸ್ ಯುದ್ಧವಿಮಾನದಲ್ಲಿ ತೂಕದ ಶೇ. 45ರಷ್ಟು ಕಾಂಪೋಸಿಟ್ (ಎಳೆ ಮತ್ತು ರೆಸಿನ್ ಸೇರಿದ ವಸ್ತು) ಇದೆ, ಬಹುಪಾಲು ಕಾರ್ಬನ್ ಫೈಬರ್. ಎಳೆಯ ಉದ್ದಕ್ಕೂ ಭಾರ ಹೊರುವುದರಲ್ಲಿ ಅದನ್ನು ಮೀರಿಸುವುದು ಪುಡಿಯಿಂದ ಆಗುವುದಿಲ್ಲ.

ಆದರೆ ಫೈಬರ್‌ಗೂ ಒಂದು ಕೊರತೆ ಇದೆ. ಪದರ ಪದರದ ನಡುವೆ ಬರೀ ರೆಸಿನ್. ಒಂದು ಸ್ಪ್ಯಾನರ್ ಕೈ ಜಾರಿ ಬಿದ್ದರೂ ಒಳಗೆ ಪದರ ಬಿಟ್ಟುಕೊಂಡಿರುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಟ್ಯೂಬ್‌ಗೆ ಅಲ್ಲಿ ಕೆಲಸ ಇದೆ ಅನ್ನುವುದು ನನ್ನ ನಂಬಿಕೆ. ಬಿರುಕು ಬಾಯಿ ತೆರೆಯುವಾಗ ಟ್ಯೂಬ್‌ಗಳು ಎರಡೂ ದಡ ಹಿಡಿದು ಎಳೆಯುತ್ತವೆ. ಜಾರಿ ಹೊರಬರುವಾಗಲೂ ಶಕ್ತಿ ತಿನ್ನುತ್ತವೆ. ಜಕ್ಕೂರಿನ ಮಗಳು ಜಾರುವುದು ಕೆಟ್ಟದ್ದು ಎಂದಳು. ಬಿಗುವಿಗೆ ಕೆಟ್ಟದ್ದೇ. ಬಿರುಕು ತಡೆಯಲು ಸ್ವಲ್ಪ ಜಾರುವುದು ಒಳ್ಳೆಯದು.

ಎಚ್ಚರಿಕೆ ಒಂದು: ಒಣ ಬಟ್ಟೆ ಹಾಸಿ, ವ್ಯಾಕ್ಯೂಮ್‌ನಲ್ಲಿ ಈ ಕಪ್ಪು ರೆಸಿನ್ ಎಳೆದರೆ ಬಟ್ಟೆಯೇ ಸೋಸಣಿಗೆ ಆಗುತ್ತದೆ. ಕಾಫಿ ಫಿಲ್ಟರ್ ಹಾಗೆ. ರೆಸಿನ್ ಒಳಬಂದ ಕಡೆ ಕಡುಕಪ್ಪು, ಕೊನೆಯಲ್ಲಿ ತಿಳಿ.

ಉಸಿರು

ನಾನು ಕಾರ್ಖಾನೆ ಕೆಲಸಗಾರರ ಆರೋಗ್ಯ ನೋಡಿಕೊಳ್ಳುವವಳು. ಇಷ್ಟು ಹೊತ್ತು ಓದಿದೆ, ಒಬ್ಬರೂ ಮೂಗಿನ ಮಾತು ಎತ್ತಲಿಲ್ಲ. ಪೀಣ್ಯದ ತಮ್ಮ, ಡಬ್ಬಿ ತೆರೆದು ಪುಡಿ ತೂಕ ಮಾಡುವಾಗ ಮುಖಕ್ಕೆ ಏನು ಕಟ್ಟಿಕೊಂಡಿದ್ದಿರಿ? ಫ್ಯಾನ್ ಓಡುತ್ತಿತ್ತಾ?

ಪೀಣ್ಯ ಶೆಡ್

ಕರ್ಚೀಫು ಕಟ್ಟಿದ್ದೆ ಅಕ್ಕ. ಫ್ಯಾನ್ ಓಡುತ್ತಿತ್ತು. ಕಪ್ಪು ಪುಡಿ ಬೆಂಚಿನ ಮೇಲೆಲ್ಲ ಹಾರಿತ್ತು. ಭಾವ ಪೊರಕೆಯಲ್ಲಿ ಗುಡಿಸಿದರು.

ಉಸಿರು

ಹೆದರಿಸಲು ಹೇಳುತ್ತಿಲ್ಲ, ಆದರೆ ಇದನ್ನು ಸಣ್ಣದು ಅಂದುಕೊಳ್ಳಬೇಡಿ. 2008ರಲ್ಲಿ ಇಲಿಗಳ ಹೊಟ್ಟೆಯ ಪೊರೆಗೆ ಉದ್ದನೆಯ, ಗಡುಸಾದ ಬಹುಪದರ ಟ್ಯೂಬ್ ಹಾಕಿ ನೋಡಿದಾಗ, ಆಸ್ಬೆಸ್ಟಾಸ್ ಮಾಡುವಂಥದ್ದೇ ಉರಿಯೂತ ಕಂಡಿತು. ಚಿಕ್ಕದಾಗಿ ಸುರುಳಿ ಸುತ್ತಿಕೊಂಡವು ಹಾಗೆ ಮಾಡಲಿಲ್ಲ. ಉದ್ದ ಎಳೆಯನ್ನು ನಮ್ಮ ಮೈಯ ಕಾವಲು ಕೋಶ ಪೂರ್ತಿ ನುಂಗಲಾರದು, ಅದೇ ತೊಂದರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2014ರಲ್ಲಿ ಒಂದು ಬಗೆಯ ಬಹುಪದರ ಟ್ಯೂಬನ್ನು ಮನುಷ್ಯರಿಗೆ ಕ್ಯಾನ್ಸರ್ ತರಬಹುದಾದ ವಸ್ತುಗಳ ಸಾಲಿಗೆ ಸೇರಿಸಿತು. ಉಳಿದ ಬಗೆಗಳ ಮೇಲೆ ತೀರ್ಪು ಕೊಡುವಷ್ಟು ಪುರಾವೆ ಆಗ ಇರಲಿಲ್ಲ. ಕೆಲಸಗಾರರ ಆರೋಗ್ಯ ನೋಡುವ ಅಮೆರಿಕದ ನಿಯೋಶ್ ಸಂಸ್ಥೆ 2013ರಲ್ಲಿ ಹೇಳಿದ ಮಿತಿ, ಎಂಟು ಗಂಟೆಯ ಕೆಲಸಕ್ಕೆ ಒಂದು ಘನ ಮೀಟರ್ ಗಾಳಿಯಲ್ಲಿ 1 ಮೈಕ್ರೊಗ್ರಾಂ. ಅಷ್ಟು ಕಣ್ಣಿಗೆ ಕಾಣುವುದಿಲ್ಲ. ಬೆಂಚಿನ ಮೇಲೆ ಕಪ್ಪು ಕಂಡಿತು ಅಂದರೆ ಮಿತಿ ದಾಟಿ ಎಷ್ಟೋ ಆಗಿರಬಹುದು.

ಕರ್ಚೀಫು ಸಾಲದು. ಮುಖಕ್ಕೆ ಬಿಗಿಯಾಗಿ ಕೂರುವ, ಅತಿ ಸಣ್ಣ ಧೂಳನ್ನೂ ತಡೆಯುವ ಪಿ100 ಫಿಲ್ಟರ್ ಇರುವ ಮಾಸ್ಕ್ ಬೇಕು. ಫ್ಯಾನ್ ನಿಲ್ಲಿಸಿ. ಪೊರಕೆ ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿಡಿ. ಆ ಬಟ್ಟೆಬರೆ ಹಾಕಿಕೊಂಡು ಮನೆಗೆ ಹೋಗಬೇಡಿ, ಮಕ್ಕಳನ್ನು ಎತ್ತಿಕೊಳ್ಳುತ್ತೀರಿ. ಎಲ್ಲಕ್ಕಿಂತ ಒಳ್ಳೆಯದು, ಒಣ ಪುಡಿ ಶೆಡ್‌ಗೆ ತರದೇ ಇರುವುದು.

ಬೊಮ್ಮಸಂದ್ರ ಮೋಲ್ಡಿಂಗ್

ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮಲ್ಲಿ ಪುಡಿ ತರುವುದೇ ಇಲ್ಲ. ಮಾಸ್ಟರ್‌ಬ್ಯಾಚ್ ತರುತ್ತೇವೆ. ಮೊದಲೇ ಪ್ಲಾಸ್ಟಿಕ್‌ನಲ್ಲಿ ಜಾಸ್ತಿ ಟ್ಯೂಬ್ ಬೆರೆಸಿ ಕಾಳು ಮಾಡಿರುತ್ತಾರೆ, ನಾವು ಅದನ್ನು ಸಾದಾ ಕಾಳಿನ ಜೊತೆ ಕಲಸಿಕೊಳ್ಳುತ್ತೇವೆ. ಎಪಾಕ್ಸಿಗೂ ಅಂಥ ಗಟ್ಟಿ ಕಪ್ಪು ಪೇಸ್ಟ್ ಸಿಗುತ್ತದೆ. ಬೆಲೆ ಜಾಸ್ತಿ, ಆದರೆ ಗಂಟು ಬಿಡಿಸುವ ಕಷ್ಟ ಅರ್ಧ ಹೋಗಿರುತ್ತದೆ, ಧೂಳೂ ಇಲ್ಲ.

ಜಕ್ಕೂರು ದಂಡೆ

ಪೇಸ್ಟ್ ತಂದರೂ ಒಂದು ಸಲ ತ್ರೀ ರೋಲ್ ಮಿಲ್‌ನಲ್ಲಿ ಹಾಯಿಸಿ. ಇಂಕು, ಬಣ್ಣ ಮಾಡುವವರ ಹತ್ತಿರ ಇರುತ್ತದೆ. ಮೂರು ಉರುಳೆ, ಒಂದೊಂದಕ್ಕೆ ಒಂದೊಂದು ವೇಗ. ನಡುವಿನ ಸಂದಿಯನ್ನು ಹಂತ ಹಂತವಾಗಿ 5 ಮೈಕ್ರಾನ್‌ವರೆಗೆ ಇಳಿಸಬಹುದು. ಗಂಟನ್ನು ಕುಟ್ಟುವುದಿಲ್ಲ, ಹಿಂಜುತ್ತದೆ, ಹತ್ತಿ ಹಿಂಜಿದ ಹಾಗೆ. ಶಬ್ದದ ಅಲೆಯಿಂದ ಕಲಕುವ ಸೋನಿಕೇಟರ್ ಯಂತ್ರಕ್ಕಿಂತ ಟ್ಯೂಬ್‌ಗೆ ಪೆಟ್ಟು ಕಡಿಮೆ. ಸೋನಿಕೇಟರ್‌ನಲ್ಲಿ ಹೆಚ್ಚು ಹೊತ್ತು ಇಟ್ಟರೆ ಟ್ಯೂಬ್ ತುಂಡಾಗುತ್ತದೆ, ರೆಸಿನ್ ಬಿಸಿಯಾಗುತ್ತದೆ. ಕನ್ನಡಕ ತೊಳೆಯುವ ಸಣ್ಣ ಸೋನಿಕ್ ತೊಟ್ಟಿಯಂತೂ ದಪ್ಪ ರೆಸಿನ್‌ಗೆ ಏನೂ ಮಾಡದು. ಅಸಿಟೋನ್ ಹಾಕಿ ತೆಳು ಮಾಡಿಕೊಂಡರೆ ಅದನ್ನು ಪೂರ್ತಿ ತೆಗೆಯಲೇಬೇಕು. ಚೂರು ಉಳಿದರೂ ಎಪಾಕ್ಸಿ ಮೆತ್ತಗಾಗುತ್ತದೆ.

ಮಿಲ್ ಆದ ಮೇಲೆ ಬೆಚ್ಚಗೆ ಮಾಡಿ, ವ್ಯಾಕ್ಯೂಮ್‌ನಲ್ಲಿ ಗಾಳಿ ತೆಗೆದು, ಆಮೇಲೆ ಹಾರ್ಡ್‌ನರ್. ಹಾರ್ಡ್‌ನರ್ ಹಾಕಿದ ಮೇಲೆ ತಡ ಮಾಡಬೇಡಿ. ಬಿಡಿಸಿದ ಎಳೆಗಳು ಬಿಸಿಯಲ್ಲಿ ಮತ್ತೆ ಒಂದನ್ನೊಂದು ಹುಡುಕಿಕೊಂಡು ಹೋಗುತ್ತವೆ.

ಪೀಣ್ಯ ಶೆಡ್

ಮೂರು ವಾರ ಆಯಿತು. ಎಲ್ಲರಿಗೂ ಉತ್ತರ ಕೊಡಬೇಕು ಅಂತ ಬಂದೆ.

ಡಬ್ಬಿಯಲ್ಲಿ ಉಳಿದ ಪುಡಿಯನ್ನು ಎರಡು ಚೀಲ ಕಟ್ಟಿ ಎತ್ತಿಟ್ಟಿದ್ದೇನೆ, ತೆರೆಯುವುದಿಲ್ಲ. ಪಿ100 ಮಾಸ್ಕ್ ತಂದೆವು. ಭಾವ ಮೊದಲು ಬೇಡ ಅಂದರು, ಮಕ್ಕಳ ಮಾತು ಓದಿ ತೋರಿಸಿದ ಮೇಲೆ ಅವರೇ ಹೋಗಿ ತಂದರು. ಎಪಾಕ್ಸಿ ಪೇಸ್ಟ್ ತರಿಸಿದೆ. ನಮ್ಮ ರಸ್ತೆಯಲ್ಲೇ ಇಂಕು ಮಾಡುವವರೊಬ್ಬರು ಇದ್ದಾರೆ, ಭಾನುವಾರ ಮಿಲ್ ಬಳಸಲು ಬಿಟ್ಟರು. ಐದು ಸಲ ಹಾಯಿಸಿದೆ. ಮೊದಲ ಸಲ ಮಂಕು ಕಪ್ಪು, ಐದನೇ ಸಲಕ್ಕೆ ಕನ್ನಡಿಯ ಹಾಗೆ ಹೊಳೆಯಿತು. ಅದನ್ನು ನೋಡಿಯೇ ಏನೋ ಬದಲಾಗಿದೆ ಅಂತ ಗೊತ್ತಾಯಿತು.

ಶೇ. 0.3 ಇಟ್ಟುಕೊಂಡೆ. ಪಟ್ಟಿ 69ಕ್ಕೆ ಮುರಿಯಿತು. ಮುರಿದ ಮುಖದಲ್ಲಿ ಚುಕ್ಕಿ ಇಲ್ಲ ಸರ್, ಉದ್ದಕ್ಕೂ ಒರಟು ಒರಟು. 65ರಿಂದ 69 ದೊಡ್ಡ ಜಿಗಿತ ಅಲ್ಲ. ಡ್ರೋನ್ ತೋಳಿಗೆ ಸರ್ ಹೇಳಿದ ಹಾಗೆ ಕಾರ್ಬನ್ ಫೈಬರ್ ಬಟ್ಟೆಯನ್ನೇ ಹಾಕಿ ಕೊಟ್ಟೆ, ಗಿರಾಕಿ ಒಪ್ಪಿದರು.

ಆದರೆ ಟ್ಯೂಬ್ ಬಿಟ್ಟಿಲ್ಲ. ಸರ್ಕ್ಯೂಟ್ ಬೋರ್ಡ್ ಜೋಡಿಸುವ ಒಂದು ಕಂಪನಿಗೆ ನಾವು ಮೊದಲಿಂದ ಸಾದಾ ಟ್ರೇ ಕೊಡುತ್ತಿದ್ದೆವು. ಸ್ಟ್ಯಾಟಿಕ್ ಇಳಿಸುವ ಟ್ರೇ ಮಾಡುತ್ತೀರಾ ಎಂದು ಅವರು ಕೇಳಿದ್ದರು, ಆಗ ಆಗಲ್ಲ ಅಂದಿದ್ದೆ. ಈಗ ಆರು ಟ್ರೇ ಮಾಡಿದ್ದೇನೆ. ಅವರಿಗೆ ಬೇಕಾದದ್ದು 10 ಲಕ್ಷ ಓಮ್‌ನಿಂದ 100 ಕೋಟಿ ಓಮ್ ನಡುವೆ. ನನ್ನ ಮಲ್ಟಿಮೀಟರ್ ಅಲ್ಲಿಯವರೆಗೆ ಹೋಗುವುದಿಲ್ಲ, ಅವರ 100 ವೋಲ್ಟ್ ಮೀಟರ್‌ನಲ್ಲಿ ನೋಡಿದೆವು. ನಡುವೆ ಎಲ್ಲ ಸರಿ ಬರುತ್ತಿದೆ. ನಾಲ್ಕು ಮೂಲೆ ಮತ್ತು ಅಂಚಿನಲ್ಲಿ ಮಾತ್ರ ಮಿತಿ ಮೀರಿ ಹೋಗುತ್ತಿದೆ. ಯಾಕಿರಬಹುದು?

ಜಕ್ಕೂರು ದಂಡೆ

ಅಣ್ಣ, ತುಂಬಾ ಖುಷಿಯಾಯಿತು. ಅಚ್ಚಿಗೆ ತಾಗಿದ ಮೈಯಲ್ಲಿ ಬರೀ ರೆಸಿನ್ ಇರುವ ಒಂದು ತೆಳು ಪೊರೆ ನಿಲ್ಲುತ್ತದೆ, ಟ್ಯೂಬ್ ಅದರ ಕೆಳಗೆ ಇರುತ್ತದೆ. ಮೂಲೆಯಲ್ಲಿ ಆ ಪೊರೆ ದಪ್ಪ ಆಗಿರಬೇಕು. 400 ನಂಬರ್ ನೀರು ಕಾಗದದಲ್ಲಿ ಒಂದು ಮೂಲೆ ಮಾತ್ರ ಮೆಲ್ಲಗೆ ಉಜ್ಜಿ, ಮತ್ತೆ ಅಳೆದು ನೋಡಿ. ಇಳಿದರೆ ಪೊರೆಯೇ ಕಾರಣ.

ಉಸಿರು

ನೀರು ಹಾಕಿಯೇ ಉಜ್ಜಿ, ಒಣಗಿದ್ದಾಗ ಬೇಡ. ಆ ನೀರನ್ನು ಚರಂಡಿಗೆ ಚೆಲ್ಲಬೇಡಿ, ಬಟ್ಟೆಯಲ್ಲಿ ಸೋಸಿ, ಆ ಕೆಸರನ್ನು ಬೇರೆ ಡಬ್ಬಿಯಲ್ಲಿಡಿ.

ಪೀಣ್ಯ ಶೆಡ್

ಒಂದು ಮೂಲೆ ಉಜ್ಜಿದೆ. ಈಗ 4 ಕೋಟಿ ಓಮ್. ಮಿತಿಯೊಳಗೆ ಬಂತು! ಇನ್ನು ಮೂರು ಮೂಲೆ ಇವೆ, ಐದು ಟ್ರೇ ಇವೆ. ಭಾವ ಬಕೆಟ್ ತುಂಬಿಸಿ ತರಲು ಹೋಗಿದ್ದಾರೆ.

ಹಳೇ ವಿಮಾನ

ಆ ಅಚ್ಚಿನ ಮೂಲೆಗಳು ತುಂಬ ಚೂಪಾಗಿರಬೇಕು, ರೆಸಿನ್ ಅಲ್ಲಿ ಕೂಡಿಕೊಳ್ಳುತ್ತಿದೆ. ಪ್ರತಿ ಟ್ರೇ ಉಜ್ಜುತ್ತಾ ಕೂರಬೇಡ ತಮ್ಮಾ. ಶನಿವಾರ ಹನ್ನೊಂದಕ್ಕೆ ಶೆಡ್‌ಗೆ ಬರುತ್ತೇನೆ, ಅಚ್ಚನ್ನೇ ದುಂಡಗೆ ಮಾಡೋಣ. ಆ ಹಳೇ 44ರ ಪಟ್ಟಿಯನ್ನೂ ತೆಗೆದಿಡು, ನನಗೆ ಅದರ ಮುಖ ನೋಡಬೇಕು.